ಸಂಜೆ ಐದೂವರೆಯ ಬೆಳಗು

ಫೆಬ್ರವರಿ ೩, ಸೋಮವಾರ

ಎದ್ದ ಹೊತ್ತು, ಮಲಗಿದ ಹೊತ್ತು, ಇಷ್ಟು ಬರೆದಿಟ್ಟರೆ ಸಾಕು ಎಂದು ಕಣ್ಣಾಸ್ಪತ್ರೆಯ ನರ್ಸ್ ಈ ಪುಸ್ತಕ ಕೊಟ್ಟಿದ್ದಾಳೆ. ಇಷ್ಟು ದಪ್ಪ ಪುಸ್ತಕದಲ್ಲಿ ದಿನಕ್ಕೆ ಎರಡೇ ಸಾಲು ಬರೆಯಲು ನಾನೇನು ದೊರೆಸಾನಿಯೇ? ಆಕೆಗೆ ಬೇಕಾದ ಎರಡು ಸಾಲನ್ನು ಚೀಟಿಯಲ್ಲಿ ಬರೆದು ಕೊಟ್ಟರಾಯಿತು. ಇದು ನನ್ನದು.

ಬಲಗಣ್ಣು ಹೋದ ಹಾಗೆಯೇ. ಎಡಗಣ್ಣು ಮುಚ್ಚಿಕೊಂಡು ಡಾಕ್ಟರನ್ನು ನೋಡಿದೆ: ಕಿವಿ ಇದೆ, ಜಡೆ ಇದೆ, ನಡುವೆ ಮುಖ ಇರಬೇಕಾದ ಕಡೆ ಬೂದು ಮಸಿ. ವಯಸ್ಸಾದವರಿಗೆ ಬರುವ ಸವೆತವಂತೆ, ಕಣ್ಣಿನ ಹಿಂಬದಿಯ ಪರದೆ ನಟ್ಟನಡುವೆ ಸವೆಯುತ್ತದಂತೆ. ಎಡಗಣ್ಣಿನಲ್ಲಿ ಈಗಷ್ಟೇ ಶುರುವಾಗಿದೆ. ಅದಕ್ಕೊಂದು ಕೆಂಪು ಬೆಳಕಿನ ಚಿಕಿತ್ಸೆ ಮಾಡಿ ನೋಡೋಣ ಎಂದರು ಡಾಕ್ಟರು. ನನ್ನ ಮಗಳಿಗಿಂತ ಚಿಕ್ಕ ಹುಡುಗಿ, ಆದರೆ ಮಾತು ಅಳೆದು ಆಡುತ್ತಾಳೆ.

"ಖಂಡಿತ ಉಳಿಯುತ್ತೆ ಅಂತ ನಾನು ಹೇಳಲ್ಲ ಅಮ್ಮ. ಆದರೆ ಹಾಳಾದ ಮೇಲೆ ಮಾಡಿ ಉಪಯೋಗ ಇಲ್ಲ, ಈಗಲೇ ಮಾಡ್ಬೇಕು. ಇನ್ನೊಂದು, ಬೆಳಿಗ್ಗೆ ಹೊತ್ತೇ ಮಾಡ್ಬೇಕು. ಕಣ್ಣು ಆಗತಾನೇ ಎದ್ದಿರುತ್ತಲ್ಲ, ಆಗ ಬೆಳಕು ಕೊಟ್ಟರೆ ತಗೊಳ್ಳುತ್ತೆ. ಮಧ್ಯಾಹ್ನದ ಮೇಲೆ ಕೊಟ್ಟರೆ ಗೋಡೆಗೆ ಕೊಟ್ಟ ಹಾಗೆ. ನೀವು ಎಷ್ಟು ಗಂಟೆಗೆ ಏಳ್ತೀರಿ?"

"ಐದೂವರೆಗೆ."

"ಭೇಷ್!"

"ಸಂಜೆ ಐದೂವರೆಗೆ."

ಡಾಕ್ಟರ ಪೆನ್ನು ನಿಂತಿತು. ಮೂವತ್ತಾರು ವರ್ಷ ಬ್ರೆಡ್ ಕಾರ್ಖಾನೆಯ ರಾತ್ರಿ ಪಾಳಿಯಲ್ಲಿ ಭಟ್ಟಿಯ ಬಾಯಿಗೆ ನಿಂತವಳು ನಾನು. ಬ್ರೆಡ್ಡಿನ ಬಣ್ಣ ನೋಡಿ "ತೆಗೆಯಿರಿ" ಅನ್ನುವುದು ನನ್ನ ಕೆಲಸ. ನಿವೃತ್ತಿಯಾಗಿ ಎರಡು ವರ್ಷವಾದರೂ ದೇಹಕ್ಕೆ ಆ ಸುದ್ದಿ ಮುಟ್ಟಿಲ್ಲ.

ಫೆಬ್ರವರಿ ೬, ಗುರುವಾರ

ಮೂರು ದಿನ ಥರ್ಮಾಮೀಟರ್ ಬಾಯಲ್ಲಿಟ್ಟುಕೊಂಡೇ ಬದುಕಿದೆ. ಮೈಬಿಸಿ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ನೋಡಿ ನನ್ನ ಬೆಳಿಗ್ಗೆಯನ್ನು ಪತ್ತೆ ಹಚ್ಚಿದರು. ಕಳೆದುಹೋದ ಎಮ್ಮೆ ಸಿಕ್ಕಷ್ಟು ಖುಷಿ ಡಾಕ್ಟರಿಗೆ.

"ನೀವು ಹೇಳಿದ್ದೇ ಸರಿ ಅಮ್ಮ. ನಿಮ್ಮ ಕಣ್ಣಿಗೆ ಬೆಳಗಾಗೋದು ಸಂಜೆ ಐದೂವರೆಗೇ."

"ಹಾಗಾದ್ರೆ ಆಗಲೇ ಬೆಳಕು ಬಿಡಿ."

"ಐದಕ್ಕೆ ಆಸ್ಪತ್ರೆ ಬಾಗಿಲು ಹಾಕ್ತೀವಿ."

ನನ್ನ ಬೆಳಿಗ್ಗೆಯನ್ನು ಬೆಳಿಗ್ಗೆ ಎಂದು ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸಲು ಐದು ಜನ ದೊಡ್ಡವರು ಒಂದು ಕೋಣೆಯಲ್ಲಿ ಕೂತರು. ನಾನು ಹೊರಗೆ ಬೆಂಚಿನ ಮೇಲೆ ತೂಕಡಿಸುತ್ತಿದ್ದೆ, ಏಕೆಂದರೆ ನನಗದು ನಡುರಾತ್ರಿ. ಹೊರಗೆ ಬಂದು ಓದಿ ಹೇಳಿದರು: ಆಸ್ಪತ್ರೆಯ ಮಟ್ಟಿಗೆ ಬೆಳಿಗ್ಗೆ ಎಂದರೆ ಎಂಟರಿಂದ ಒಂಬತ್ತು. ರೋಗಿಯು ತನ್ನ ಬೆಳಿಗ್ಗೆಯನ್ನು ಆ ಹೊತ್ತಿಗೆ ಕರೆತರತಕ್ಕದ್ದು.

ಕರೆತರುವುದಕ್ಕೆ ಅದೇನು ಮೇಕೆಯೇ?

ಫೆಬ್ರವರಿ ೮, ಶನಿವಾರ

ನಮ್ಮ ಯಜಮಾನರು ಡ್ರಿಲ್ ಮೇಷ್ಟ್ರಾಗಿದ್ದವರು. ಶಾಲೆ ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿಲ್ಲ. ಬೆಳಗಿನ ಜಾವ ಐದಕ್ಕೆ ಏಳುವುದು, ರಾತ್ರಿ ಒಂಬತ್ತಕ್ಕೆ ಮಲಗುವುದು, ಅದರಲ್ಲಿ ಒಂದು ಕೂದಲೆಳೆ ಅತ್ತಿತ್ತ ಆದದ್ದಿಲ್ಲ. ಸೀಟಿ ಊದಿದರೆ ಬೆಳಗಾಗಲೇಬೇಕು ಎಂಬುದು ಇವರ ಸಿದ್ಧಾಂತ.

ನಿನ್ನೆ ನಾನು ಸಂಜೆ ಏಳುವಷ್ಟರಲ್ಲಿ ಮನೆಯ ಗಡಿಯಾರಗಳೆಲ್ಲ ಎಂಟು ತೋರಿಸುತ್ತಿದ್ದವು. ಕಿಟಕಿಗೆ ಪರದೆ ಎಳೆದು ಹಿಂದೆ ದೊಡ್ಡ ಬಲ್ಬು ಹಚ್ಚಿದ್ದರು, ಅದು ಸೂರ್ಯನಂತೆ. ಬೆಳಿಗ್ಗೆಯ ಪೇಪರನ್ನು ಇಸ್ತ್ರಿ ಮಾಡಿ ಮಡಚಿ ಬಾಗಿಲಡಿ ತೂರಿಸಿದರು. ಆಮೇಲೆ ಸೀಟಿ.

"ಕಣ್ಣಿಗೇನು ಗೊತ್ತಾಗುತ್ತೆ? ಎಂಟು ಅಂತ ನಂಬ್ಕೊಳ್ಳುತ್ತೆ. ನಾಳೆ ನಿಜವಾದ ಎಂಟಕ್ಕೂ ಅದೇ ನಂಬಿಕೇಲಿ ಏಳುತ್ತೆ!"

ಇವತ್ತು ನಿಜವಾದ ಎಂಟಕ್ಕೆ ನನ್ನ ಕಣ್ಣು ಏನನ್ನೂ ನಂಬದೆ ಗಾಢವಾಗಿ ನಿದ್ದೆ ಹೋಯಿತು.

ಮಗಳು ಬಂದಿದ್ದಳು. ಸಿಟಿ ಬಸ್ಸು ಓಡಿಸುತ್ತಾಳೆ, ದೊಡ್ಡ ಗಂಟಲು. ಬಲ್ಬಿನ ಸೂರ್ಯನನ್ನು ನೋಡಿ ಸೊಂಟಕ್ಕೆ ಕೈಯಿಟ್ಟು, "ಅಪ್ಪಾ, ಕರೆಂಟ್ ಬಿಲ್ ಯಾರು ಕಟ್ತಾರೆ?" ಎಂದು ಗದರಿದಳು. ಗದರುವಾಗ ಅವಳ ಕಂದು ಕಣ್ಣು ಇನ್ನೂ ಚಂದ. ಆ ಬಣ್ಣ ನನ್ನ ಚಿಕ್ಕಮ್ಮನ ಕಡೆಯಿಂದ ಬಂದದ್ದು. ನನ್ನದೂ ಇವರದೂ ಕಪ್ಪು. ಮೂವತ್ತು ವರ್ಷದಿಂದ ಎಲ್ಲರಿಗೂ ಹಾಗೆಯೇ ಹೇಳಿಕೊಂಡು ಬಂದಿದ್ದೇನೆ.

ಫೆಬ್ರವರಿ ೧೪, ಶುಕ್ರವಾರ

ಇವತ್ತಿನಿಂದ ಶುರು. ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಮುಂಚೆ ಏಳಬೇಕು, ಎದ್ದ ಕೂಡಲೇ ದೊಡ್ಡ ದೀಪದ ಮುಂದೆ ಕೂರಬೇಕು. ಹಾಗೆ ಸಂಜೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ಬೆಳಿಗ್ಗೆಗೆ ಹಿಂದಕ್ಕೆ ನಡೆದು ಬರಬೇಕು.

ಇವರು ಡಾಕ್ಟರನ್ನು ಕೇಳಿದರು, "ತಡವಾಗಿ ಏಳಿಸ್ತಾ ಏಳಿಸ್ತಾ ಮುಂದಕ್ಕೆ ತಳ್ಳಿದ್ರೆ ಆಗಲ್ವಾ? ಅದು ಸುಲಭ ಅಲ್ವಾ?"

"ಸುಲಭವೇ. ದೇಹ ತಡ ಮಾಡು ಅಂದ್ರೆ ಖುಷಿಯಿಂದ ಜಾರ್ಕೊಂಡು ಹೋಗುತ್ತೆ, ಬೇಗ ಬಾ ಅಂದ್ರೆ ಮೊಂಡು ಮಾಡುತ್ತೆ. ಆದರೆ ಅದು ದೊಡ್ಡ ಸುತ್ತು. ಈ ಕಣ್ಣು ಅಷ್ಟು ದಿನ ಕಾಯಲ್ಲ."

ಇವರು ಬಹಳ ಹೊತ್ತು ತಲೆಯಾಡಿಸಿದರು. ಏನು ಅರ್ಥವಾಯಿತೋ.

ಒಂದು ಚೌಕುಳಿ ಕಾಗದವನ್ನೂ ಕೊಟ್ಟಿದ್ದಾರೆ. ದಿನವೂ ಬಲಗಣ್ಣು ಮುಚ್ಚಿಕೊಂಡು ಎಡಗಣ್ಣಿನಿಂದ ನಡುವಿನ ಚುಕ್ಕಿ ನೋಡಬೇಕು. ಗೆರೆಗಳು ನೆಟ್ಟಗಿದ್ದರೆ ಕ್ಷೇಮ. ಸೊಟ್ಟಗಾದರೆ ಆ ಕ್ಷಣ ಓಡಿ ಬರಬೇಕು. ಇವರು ಅದನ್ನು ಅಡುಗೆಮನೆಯ ಗೋಡೆಗೆ, ಒಲೆಯ ಪಕ್ಕ ಅಂಟಿಸಿದ್ದಾರೆ.

ಗೆರೆ ನೆಟ್ಟಗಿವೆ. ಆದರೆ ಹೆದರಿಕೆಯಾಗುತ್ತದೆ. ಸುಳ್ಳೇಕೆ ಹೇಳಲಿ.

ಫೆಬ್ರವರಿ ೨೩, ಭಾನುವಾರ

ನನಗೆ ಬೆಳಿಗ್ಗೆ, ಊರಿಗೆ ಮಧ್ಯಾಹ್ನ ಮೂರೂವರೆ.

ಮಗಳು ಫೋನ್ ಎತ್ತಿದೊಡನೆ, "ಅಮ್ಮಾ, ಈಗ ನಿನಗೆ ಎಷ್ಟು ಗಂಟೆ?" ಎನ್ನುತ್ತಾಳೆ. ಪರದೇಶದಲ್ಲಿರುವವಳ ಹಾಗೆ. ನಾನಿರುವುದು ಅವಳ ಬಸ್ಸಿನ ಕೊನೇ ಸ್ಟಾಪಿನಲ್ಲಿ.

ಇವರ ಸೀಟಿ ಹೊತ್ತಿಗೆ ಸರಿಯಾಗಿ ಮೊಳಗುತ್ತದೆ. ಆದರೆ ಊದಿದ ಮೇಲೆ ಒಂದು ಆಕಳಿಕೆ. ನಿನ್ನೆ ಬೆಳಗಿನ ಓಟಕ್ಕೆ ಹೋಗಿರಲಿಲ್ಲವಂತೆ. "ಮಂಡಿ ನೋವು" ಎಂದರು. ಎಂಟು ಗಂಟೆಗೆ ಎದ್ದರಂತೆ. ಮಂಡಿಗೂ ನಿದ್ದೆಗೂ ಏನು ಸಂಬಂಧವೋ.

ಮಾರ್ಚ್ ೧, ಶನಿವಾರ

ಎರಡು ಗಂಟೆಯ ಬಿಸಿಲಿನಲ್ಲಿ ಬಾಲ್ಕನಿಯಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ಮೇಲಿನ ಮನೆಯಾಕೆ ಬಗ್ಗಿ ನೋಡಿ, "ಏನಮ್ಮಾ, ಹುಷಾರಾಗಿದ್ದೀರಾ?" ಎಂದಳು.

"ಈಗ ಎದ್ದೆ."

"ಅಯ್ಯೋ! ಮೊನ್ನೆಯವರೆಗೆ ಸಂಜೆ ಏಳ್ತಿದ್ರಿ."

"ಅದಕ್ಕೇ ಈಗ ಬೇಗ ಏಳ್ತಿದೀನಿ. ಒಳ್ಳೆ ಅಭ್ಯಾಸ."

ಆಕೆ ಬಾಯಿ ಬಿಟ್ಟುಕೊಂಡು ಒಳಗೆ ಹೋದಳು. ಇಷ್ಟರಲ್ಲಿ ಬೀದಿಗೆಲ್ಲ ಗೊತ್ತಾಗಿರುತ್ತದೆ.

ಮಾರ್ಚ್ ೪, ಮಂಗಳವಾರ

ತಲೆ ಸಿಡಿಯುತ್ತಿದೆ. ಗೆರೆ ನೆಟ್ಟಗಿವೆ. ಬೇರೇನೂ ಬರೆಯಲಾರೆ.

ಮಾರ್ಚ್ ೯, ಭಾನುವಾರ

ಇವತ್ತು ನಡೆದದ್ದನ್ನು ಬರೆಯಲು ಸ್ವಲ್ಪ ನಾಚಿಕೆ.

ನಮ್ಮ ಮನೆಯಲ್ಲಿ ಒಂದೇ ಮಂಚ. ಇವರು ಎದ್ದು ಹೋದಮೇಲೆ ನಾನು ಬಂದು ಮಲಗುತ್ತಿದ್ದೆ, ನಾನು ಎದ್ದು ಹೋದಮೇಲೆ ಇವರು. ಇಬ್ಬರೂ ನಟ್ಟನಡುವೆ ಮಲಗಿ ಮಲಗಿ ಹಾಸಿಗೆಯಲ್ಲಿ ಒಂದೇ ಗುಂಡಿ ಬಿದ್ದಿದೆ. ಮೂವತ್ತಾರು ವರ್ಷ ಎಲ್ಲರೂ ನಮ್ಮ ದಾಂಪತ್ಯವನ್ನು ಹೊಗಳುತ್ತಿದ್ದರು, ಒಂದು ದಿನ ಜಗಳ ಕೇಳಲಿಲ್ಲ ಎಂದು. ಜಗಳಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದಿಷ್ಟು ಮಾತು, ಆಮೇಲೆ ನನ್ನ ಪಾಳಿ. ರಜೆಯ ದಿನವೂ ನಾನು ಹಗಲೆಲ್ಲ ಮಲಗುತ್ತಿದ್ದೆ.

ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಕಣ್ಣು ಬಿಟ್ಟೆ. ಸೀಟಿ ಇಲ್ಲ, ಏನಿಲ್ಲ. ಪಕ್ಕಕ್ಕೆ ತಿರುಗಲು ಹೋದರೆ ಆಗುತ್ತಿಲ್ಲ. ಗುಂಡಿಯಲ್ಲಿ ಇವರೂ ಇದ್ದಾರೆ. ಇಬ್ಬರೂ ಆ ಕಡೆಯಿಂದ ಈ ಕಡೆಯಿಂದ ಜಾರಿ ನಡುವೆ ಬಂದು ಸಿಕ್ಕಿಕೊಂಡಿದ್ದೇವೆ. ಪರದೆ ಎಳೆದ ಕೋಣೆ, ಕತ್ತಲು ಕತ್ತಲು.

"ಎದ್ಯಾ?" ಎಂದರು.

"ನೀವ್ಯಾಕೆ ಇಲ್ಲಿ?"

"ನಿದ್ದೆ ಬಂದಿತ್ತು."

ಆಮೇಲೆ ಇಡೀ ದಿನ ಇಬ್ಬರೂ ಒಟ್ಟಿಗೆ ಎಚ್ಚರವಾಗಿದ್ದೆವು. ಟವೆಲನ್ನು ಎರಡಾಗಿ ಮಡಚಬೇಕೋ ಮೂರಾಗಿಯೋ ಎಂದು ಜಗಳ ಶುರುವಾಯಿತು. ಇವರು ಪಾತ್ರೆ ತೊಳೆದು ಬೋರಲು ಹಾಕುವುದಿಲ್ಲ ಎಂದು ಮೊದಲ ಸಲ ಗೊತ್ತಾಯಿತು. ನಾನು ತಿನ್ನುವಾಗ ಹಾಡು ಗುನುಗುತ್ತೇನೆ ಎಂದು ಅವರಿಗೆ ಮೊದಲ ಸಲ ಗೊತ್ತಾಯಿತು. ಅದೂ ಅಪಸ್ವರದಲ್ಲಿ, ಎಂದರು. ನಾನು ಬಿಡುತ್ತೇನೆಯೇ? ಮೂವತ್ತಾರು ವರ್ಷದ ಜಗಳವನ್ನು ಒಂದೇ ದಿನ ಆಡಿ ಗಂಟಲು ಕಟ್ಟಿತು. ಇಂಥ ಒಳ್ಳೆಯ ದಿನ ಕಳೆದು ಎಷ್ಟು ಕಾಲವಾಗಿತ್ತು.

ಮಾರ್ಚ್ ೧೫, ಶನಿವಾರ

ಗೆರೆ ಸೊಟ್ಟಗಾಯಿತು.

ಹತ್ತೂವರೆಗೆ ಎದ್ದೆ, ಅಲಾರಾಂ ಇಟ್ಟುಕೊಂಡು. ಇವರ ಸೀಟಿ ಈಚೆಗೆ ಮೊಳಗುತ್ತಲೇ ಇಲ್ಲ. ಬಲಗಣ್ಣು ಮುಚ್ಚಿ ಕಾಗದ ನೋಡಿದೆ. ನಡುವಿನ ಗೆರೆಗಳು ಹಾವಿನ ಹಾಗೆ ಡೊಂಕಾಗಿವೆ. ಮುಗಿಯಿತು, ಇನ್ನು ಎಡಗಣ್ಣಿಗೂ ಮಸಿ, ಇನ್ನು ಯಾರ ಮುಖವೂ ಇಲ್ಲ ಎಂದುಕೊಂಡು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅಷ್ಟು ಹೊತ್ತಾದರೂ ಇವರು ಗೊರಕೆ ಹೊಡೆಯುತ್ತಿದ್ದರು. ಹೋಗಿ ಅಲ್ಲಾಡಿಸಿ ಎಬ್ಬಿಸಿ ಅಡುಗೆಮನೆಗೆ ಎಳೆದುಕೊಂಡು ಬಂದೆ.

ಕಣ್ಣುಜ್ಜುತ್ತ ಕಾಗದ ನೋಡಿದರು. "ನನಗೂ ಸೊಟ್ಟಗೇ ಕಾಣ್ತಿದೆಯಲ್ಲೇ!"

"ಅಯ್ಯೋ, ನಿಮಗೂ ಬಂತಾ?"

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಿಂತೆವು. ಆಟೋ ಮಾಡಿ ಕಾಗದದ ಸಮೇತ ಆಸ್ಪತ್ರೆಗೆ ಓಡಿದೆವು. ಡಾಕ್ಟರು ಕಾಗದ ಹಿಡಿದು ನೋಡಿ, "ನನಗೂ ಹಾಗೇ ಕಾಣ್ತಿದೆ" ಎಂದರು. ನರ್ಸಿಗೂ ಹಾಗೆಯೇ. ಒಲೆಯ ಹಬೆ ಕುಡಿದು ಕುಡಿದು ಕಾಗದವೇ ಉಬ್ಬಿ ಡೊಂಕಾಗಿತ್ತು!

ಹೊಸ ಕಾಗದದಲ್ಲಿ ಗೆರೆ ನೆಟ್ಟಗಿವೆ. ಆದರೂ ಕಣ್ಣಿನ ಫೋಟೊ ತೆಗೆದು ನೋಡಿ ಡಾಕ್ಟರು, "ತಡ ಮಾಡೋ ಹಾಗಿಲ್ಲ ಅಮ್ಮ. ಏಪ್ರಿಲ್ ಎರಡಕ್ಕೆ ಶುರು ಮಾಡೋಣ. ಅಷ್ಟರಲ್ಲಿ ಬೆಳಿಗ್ಗೆ ತಂದುಬಿಡಿ" ಎಂದರು.

ವಾಪಸ್ಸು ಬರುವಾಗ ಇವರು ಆಟೋದಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದರು. ಹೊತ್ತು ಹನ್ನೆರಡೂ ಆಗಿರಲಿಲ್ಲ.

ಮಾರ್ಚ್ ೨೨, ಶನಿವಾರ

ಎಂಟೂವರೆಗೆ ಎದ್ದೆ. ಇಷ್ಟು ಬೇಗ ಎದ್ದದ್ದು ಯಾವ ಕಾಲದಲ್ಲೋ. ಬೀದಿಯಲ್ಲಿ ಶಾಲೆಗೆ ಹೋಗುವ ಮಕ್ಕಳ ಗಲಾಟೆ ಎಷ್ಟು ಚೆನ್ನಾಗಿದೆ. ತೋರಿಸೋಣ ಎಂದರೆ ಮನೆಯಲ್ಲಿ ಯಾರೂ ಎಚ್ಚರವಿಲ್ಲ. ಇವರು ಎದ್ದದ್ದು ಮೂರು ಗಂಟೆಗೆ.

ಡ್ರಿಲ್ ಮೇಷ್ಟ್ರಂತೆ, ಶಿಸ್ತಂತೆ! "ಮೈಯಲ್ಲಿ ಹುಷಾರಿಲ್ವಾ?" ಎಂದರೆ ಚೆನ್ನಾಗಿದ್ದೇನೆ ಎನ್ನುತ್ತಾರೆ. "ಮತ್ತೆ?" ಎಂದರೆ ಪೇಪರ್ ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಇವರು ರಾತ್ರಿಯೆಲ್ಲ ಮನೆಯೊಳಗೆ ನಡೆದಾಡುತ್ತಾರೆಂದು ಮೇಲಿನ ಮನೆಯಾಕೆ ದೂರು ಕೊಟ್ಟಳು.

ನನಗೀಗ ಅನ್ನಿಸುತ್ತಿದೆ, ಇಷ್ಟು ವರ್ಷ ನಾವು ಚೆನ್ನಾಗಿದ್ದದ್ದು ದೂರ ಇದ್ದದ್ದಕ್ಕೇ. ಆ ಭಾನುವಾರ ಒಂದು ದಿನ ಒಟ್ಟಿಗೆ ಇದ್ದದ್ದೇ ಸಾಕಾಗಿದೆ ಇವರಿಗೆ. ನಾನು ಹತ್ತಿರ ಹತ್ತಿರ ಬಂದಷ್ಟೂ ದೂರ ದೂರ ಸರಿಯುತ್ತಿದ್ದಾರೆ. ಬೇಡವಾದರೆ ಬೇಡ ಎಂದು ಬಾಯಿಬಿಟ್ಟು ಹೇಳಲಿ. ಟವೆಲ್ಲುಗಳನ್ನು ಮೂರಾಗಿಯೇ ಮಡಚಿಟ್ಟೆ. ನೋಡಲು ಯಾರೂ ಎದ್ದಿರಲಿಲ್ಲ.

ಮಾರ್ಚ್ ೩೧, ಸೋಮವಾರ

ಏಳಕ್ಕೆ ಎದ್ದೆ. ನಾಲ್ಕು ದಿನದಿಂದ ಏಳಕ್ಕೇ. ಥರ್ಮಾಮೀಟರ್ ಒಪ್ಪಿದೆ, ಡಾಕ್ಟರು ಒಪ್ಪಿದ್ದಾರೆ. ನನ್ನ ಬೆಳಿಗ್ಗೆ ಊರಿನ ಬೆಳಿಗ್ಗೆಗೆ ಬಂದು ಸೇರಿತು.

ಮಗಳು ಫೋನ್ ಮಾಡಿ, "ಅಮ್ಮಾ, ಈಗ ನಿನಗೆ..." ಎಂದು ಶುರು ಮಾಡಿ, "ಛೆ, ಈಗ ಕೇಳೋ ಹಾಗೂ ಇಲ್ಲ" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

"ಅಪ್ಪ ಎಲ್ಲಿ?"

"ಮಲಗಿದಾರೆ."

"ಇಷ್ಟು ಹೊತ್ತಿಗಾ?"

ಹಾಲು ಉಕ್ಕುತ್ತಿದೆ ಎಂದು ಫೋನ್ ಇಟ್ಟೆ.

ಏಪ್ರಿಲ್ ೨, ಬುಧವಾರ

ಎಂಟು ಗಂಟೆಗೆ ಮೊದಲ ಬೆಳಕು. ಇವರನ್ನು ಕರೆದರೆ "ಹೂಂ" ಎಂದು ಮಗ್ಗುಲು ಬದಲಿಸಿದರು. ಕೂಗಿದೆ, ಏಳಲಿಲ್ಲ. ಒಬ್ಬಳೇ ಹೋಗುತ್ತೇನೆ, ಹೋದರಾಯಿತು ಎಂದುಕೊಂಡು ಬಾಗಿಲವರೆಗೆ ಹೋದವಳು ಸಿಟ್ಟು ತಡೆಯಲಾರದೆ ವಾಪಸ್ಸು ಬಂದು, ಮೊಳೆಗೆ ತಗುಲಿಹಾಕಿದ್ದ ಸೀಟಿ ತೆಗೆದು ಕಿವಿಯ ಹತ್ತಿರ ಊದಿದೆ. ಮೇಲಿನ ಮನೆಯಾಕೆ ನೆಲ ಕುಟ್ಟಿದಳು. ಇವರು ಕಣ್ಣು ಮುಚ್ಚಿಕೊಂಡೇ ಎದ್ದು, ಕಣ್ಣು ಮುಚ್ಚಿಕೊಂಡೇ ಪ್ಯಾಂಟು ಹಾಕಿಕೊಂಡು, ಹಿಂದೆ ಮುಂದೆ ತೂಗುತ್ತ ನನ್ನ ಜೊತೆ ಬಂದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತದ್ದೇ ಗೊರಕೆ.

ನಾನು ಯಂತ್ರದ ಕಂಬಿಗೆ ಗದ್ದ ಒರಗಿಸಿ ಕೂತೆ. ಕಣ್ಣಿಗೆ ಕೆಂಪು ಬೆಳಕು ಬಿತ್ತು. ಭಟ್ಟಿಯ ಬಾಯಿ ತೆರೆದಾಗ ಕಾಣುತ್ತಿದ್ದ ಕೆಂಪಿನ ಹಾಗೆಯೇ, ಬಿಸಿ ಮಾತ್ರ ಇಲ್ಲ. ಕೆಲವೇ ನಿಮಿಷ. ಇಷ್ಟಕ್ಕಾಗಿಯೇ ನಾನು ಹಗಲುರಾತ್ರಿ ತಿರುವಿ ಹಾಕಿದ್ದು ಎಂದು ನಗು ಬಂತು. ಡಾಕ್ಟರು ಪರೀಕ್ಷೆ ಮಾಡಿ, "ಇದ್ದದ್ದು ಇದ್ದ ಹಾಗೇ ಇದೆ. ಹೊತ್ತಿಗೆ ಸರಿಯಾಗಿ ಬಂದಿರಿ. ಇನ್ನು ವಾರಕ್ಕೆ ಮೂರು ಸಲ ಬನ್ನಿ, ನೋಡೋಣ" ಎಂದರು. ಬಾಗಿಲವರೆಗೆ ಬಂದು ಇವರನ್ನು ನೋಡಿ, "ಇವರಿಗೇನಾಯ್ತು?" ಎಂದರು.

"ಈಚೆಗೆ ಇವರು ಏಳೋದು ಸಂಜೆ ಐದೂವರೆಗೆ" ಎಂದೆ, ಸಿಡುಕಿನಿಂದಲೇ.

ಅಂದಮೇಲೆ ಹೊಳೆಯಿತು. ಸಂಜೆ ಐದೂವರೆ!

ಡಾಕ್ಟರೂ ನಾನೂ ಮುಖ ಮುಖ ನೋಡಿಕೊಂಡೆವು. ಕೈಯಲ್ಲಿ ಇನ್ನೂ ಸೀಟಿ ಇತ್ತು. ಆಸ್ಪತ್ರೆ ಎಂಬುದೂ ಮರೆತು ಊದಿಬಿಟ್ಟೆ. ಸಾಲಾಗಿ ಕೂತಿದ್ದ ಮುದುಕರು, ಮುದುಕಿಯರೆಲ್ಲ ದಡಬಡಿಸಿ ಎದ್ದು ನಿಂತರು. ಇವರು ಎಲ್ಲರಿಗಿಂತ ಮೊದಲು ಎದ್ದು ಕಿಟಕಿಯ ಮುಂದೆ ಎದೆ ಸೆಟೆದು, ಕಣ್ಣು ಅಗಲಿಸಿ ನಿಂತರು.

"ಏನ್ರೀ ಮಾಡ್ಕೊಂಡ್ರಿ ಇದು?"

"ಏನಿಲ್ಲ ಕಣೇ. ನೀನೊಬ್ಬಳೇ ಅಷ್ಟು ದೂರದಿಂದ ಬರ್ಬೇಕಲ್ಲ ಅಂತ ನಾನೂ ಸ್ವಲ್ಪ ಎದುರಿಗೆ ಬರೋಣ ಅಂತ ಹೊರಟೆ. ದಿನಾ ಒಂಚೂರು ತಡವಾಗಿ ಎದ್ದೆ. ಮಧ್ಯದಲ್ಲಿ ಸಿಕ್ಕಿದೆಯಲ್ಲ, ಆವತ್ತು ಭಾನುವಾರ. ಅಲ್ಲೇ ನಿಲ್ಲೋಣ ಅಂದ್ಕೊಂಡೆ, ಆಗ್ಲಿಲ್ಲ. ಇಳಿಜಾರಲ್ಲಿ ಓಡಿದ ಹಾಗೆ ಓಡಿಬಿಟ್ಟೆ."

"ಹೇಳೋಕೇನಾಗಿತ್ತು ನಿಮಗೆ?"

"ಹೇಳಿದ್ರೆ ನೀನು ನನಗೋಸ್ಕರ ನಿಂತ್ಬಿಡ್ತಿದ್ದೆ. ಕಣ್ಣು ಕಾಯ್ತಿರ್ಲಿಲ್ಲ."

ನರ್ಸ್ ಸೀಟಿ ಕಸಿದುಕೊಳ್ಳಲು ಬಂದಳು. ಡಾಕ್ಟರು ಬೇಡ ಎಂದು ಸನ್ನೆ ಮಾಡಿದರು. ನಾನು ಅಷ್ಟೂ ಜನರೆದುರು ಅಳುತ್ತಿದ್ದೆ. ಬೇಡವಾದಳೆಂದು ದೂರ ಸರಿಯುತ್ತಿದ್ದಾರೆ ಎಂದು ಬರೆದಿದ್ದೇನಲ್ಲ, ಕತ್ತೆ ನಾನು.

ಕಣ್ಣೊರೆಸಿಕೊಂಡು ಅವರ ಮುಖ ನೋಡಿದೆ. ಎಂಟೂವರೆಯ ಬಿಸಿಲು ನೇರವಾಗಿ ಕಣ್ಣಿಗೆ ಬಿದ್ದಿತ್ತು. ಬಿಸಿಲಿನಲ್ಲಿ ಆ ಕಣ್ಣನ್ನು ಇಷ್ಟು ಹತ್ತಿರದಿಂದ ನಾನು ನೋಡಿದ್ದೇ ಇಲ್ಲ. ದಿನಾ ಕಾಗದ ನೋಡಿ ಅಭ್ಯಾಸವಾಗಿದೆ, ಕೈ ತಾನಾಗಿ ಬಲಗಣ್ಣು ಮುಚ್ಚಿತು. ಕೆಂಪು ಬೆಳಕು ನೋಡಿ ಬಂದದ್ದಕ್ಕೆ ಎಲ್ಲವೂ ಸ್ವಲ್ಪ ಹಸಿರು ಹಸಿರಾಗಿತ್ತು. ಹಸಿರು ಹೋಗಲಿ ಎಂದು ಕಾದೆ. ಬಣ್ಣದ ವಿಷಯದಲ್ಲಿ ನಾನು ಆತುರಪಡುವವಳಲ್ಲ. ಮತ್ತೆ ನೋಡಿದೆ.

ಕಂದು. ಹದವಾಗಿ ಬೆಂದ ಬ್ರೆಡ್ಡಿನ ಅಂಚಿನ ಕಂದು.

"ಏನೇ ಹಾಗೆ ನೋಡ್ತೀಯ?" ಎಂದರು.

"ಅಲ್ಲಾಡ್ಬೇಡಿ" ಎಂದೆ.

ಈಗ ಮನೆಯಲ್ಲಿ ಮಲಗಿದ್ದಾರೆ. ನಾಡಿದ್ದಿನಿಂದ ಅರ್ಧ ಗಂಟೆ ಅರ್ಧ ಗಂಟೆ ಹಿಂದಕ್ಕೆ ಕರೆತರಬೇಕು, ಸೀಟಿ ನನ್ನ ಹತ್ತಿರವೇ ಇರುತ್ತದೆ. ಮಗಳ ಡ್ಯೂಟಿ ಮುಗಿದ ಮೇಲೆ ಫೋನ್ ಮಾಡಿ ಹೇಳಬೇಕು, ನಿನ್ನ ಕಣ್ಣು ನನ್ನ ಚಿಕ್ಕಮ್ಮನದಲ್ಲ ಕಣೇ, ನಿಮ್ಮಪ್ಪನದು, ನಾನು ಇವತ್ತು ನೋಡಿದೆ ಎಂದು.